ಭೇದಿಗೆ ಬಿದ್ದ ನಂಬರು

ಹೆದರುವುದರಲ್ಲಿ ನಮ್ಮಂಥವರನ್ನೂ ಮೀರಿಸಿದವರು ಬಳ್ಳಾರಿಯ ಗವಿಸಿದ್ದಪ್ಪನವರು. ೧೯೫೧ರಲ್ಲಿ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಅವರಿಗೆ ಸಿಕ್ಕ ಕೆಲಸವೂ ಅಂಥದೇ: ಹಳ್ಳಿಗಳಿಂದ ಬರುವ ಸಾವಿನ ಪಟ್ಟಿ ನೋಡಿ, ಹೊಸದಾಗಿ ಬಂದ ದಪ್ಪ ಪುಸ್ತಕದ ಪ್ರಕಾರ ಒಂದೊಂದು ರೋಗಕ್ಕೂ ನಂಬರು ಹಾಕುವುದು. ಯಾವ ಕ್ರಿಮಿಯಿಂದ ಬಂತೆಂದು ಗೊತ್ತಿರುವ ರೋಗಗಳಿಗೆ ಹೆಚ್ಚಾಗಿ ಪುಸ್ತಕದ ಮುಂಭಾಗ; ಎಲ್ಲಿ ನೋವೆಂದಷ್ಟೇ ಗೊತ್ತಿರುವವಕ್ಕೆ ಆಯಾ ಅಂಗದ ಹೆಸರಿನಲ್ಲಿ ಹಿಂದಿನ ಪುಟ. ಕಾಲರಾ ೪೩, ಸಿಡುಬು ೮೪. ಬರೀ ಭೇದಿಯಾದರೆ ೫೭೧. ಕುರುಗೋಡಿನ ಹಾಳೆಗೆ ಸಿಡುಬಿನ ನಂಬರು ಬರೆದ ದಿನ ಅವರು ಮೈಯೆಲ್ಲ ತಡವಿ ಗುಳ್ಳೆ ಹುಡುಕಿಕೊಂಡರು. ಸಿಕ್ಕಿದ್ದು ಸೊಳ್ಳೆ ಕಚ್ಚಿದ ಗುರುತು; ಕೂಡಲೇ ಮಲೇರಿಯಾದ ಪುಟ ತೆಗೆದರು.

ಆ ಬೇಸಿಗೆಯಲ್ಲಿ ಸಿರುಗುಪ್ಪ ಕಡೆಯ ಒಂದು ಹಳ್ಳಿಯಿಂದ, ಊರ ಲೆಕ್ಕ ಬರೆಯುವ ಕರಣಂ ಕಳಿಸಿದ ಹಾಳೆ ಬಂತು. ಎಂಟು ದಿನಕ್ಕೆ ಐದು ಸಾವು, ಐದಕ್ಕೂ ‘ಭೇದಿ’. ಅವರ ಅಕ್ಕ ಹೊನ್ನೂರಮ್ಮನನ್ನು ಕೊಟ್ಟದ್ದು ಅದೇ ಊರಿಗೆ. ೫೭೧ ಎಂದು ಬರೆದರೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ೪೩ ಆದರೆ ಅವತ್ತೇ ಸೂಜಿ ಹಾಕುವವರು ಹೊರಡುತ್ತಾರೆ.

“ಕರಣಂ ಬರದಂಗ ಹಾಕ್ರಿ,” ಎಂದರು ಹೆಡ್ ಕ್ಲರ್ಕ್ ತಿಪ್ಪೇರುದ್ರಪ್ಪ. “ಕ್ರಿಮಿ ನೀವು ನೋಡೀರೇನು? ನಿಮ್ಮ ಕಣ್ಣಿಗೆ ನಾ ಕಂಡ್ರ ಸಾಕು.”

ಗವಿಸಿದ್ದಪ್ಪನವರು ಹೊರಗೆ ಬಂದು, ಹಾಳೆ ತಂದಿದ್ದ ತಳವಾರ ಗಾಳೆಪ್ಪನನ್ನು ಜಗಲಿಯಲ್ಲಿ ಹಿಡಿದರು.

“ಭೇದಿ ಹೆಂಗಿತ್ತೋ?”

“ಅಕ್ಕಿ ತೊಳದ ನೀರಿನಂಗ್ರಿ ಬುದ್ಧಿ. ಕಾಲರಾ ಅಂತ ಬರದ್ರ ಬಾವಿಗೆ ಮದ್ದು ಹಾಕ್ತಾರ, ನೀರು ಕೆಡ್ತಾವಂತ ಊರವ್ರು ಕರಣಂಗ ಕೈ ಮುಗುದ್ರು.”

“ನಮ್ಮಕ್ಕ?”

“ಮೊನ್ನೆ ಕಂಡಿದ್ರು. ನಿನ್ನೆ ನಾ ಆ ಕಡಿ ಹೋಗಿಲ್ರಿ.”

ಹೆಡ್ ಕ್ಲರ್ಕರನ್ನು ದಾಟಿ ಎಂದೂ ಹೋಗದ ಗವಿಸಿದ್ದಪ್ಪನವರು ಗಾಳೆಪ್ಪನನ್ನು ಎಳೆದುಕೊಂಡು ಕಚೇರಿಯ ಮುಖ್ಯಸ್ಥರಾದ ಡಾಕ್ಟರ ಕೋಣೆಗೆ ನುಗ್ಗಿದರು. ಡಾಕ್ಟರು ಎಲ್ಲ ಕೇಳಿ, “ನಂಬರು ಆಮೇಲೆ. ಮೊದಲು ಜೀಪು,” ಎಂದರು. ಗವಿಸಿದ್ದಪ್ಪನವರೂ ಸೂಜಿ ಹಾಕಿಸಿಕೊಂಡು, ಊದಿದ ತೋಳು ಹಿಡಿದು, ದಾರಿಯುದ್ದಕ್ಕೂ ತಮ್ಮ ಹೊಟ್ಟೆಯ ಸದ್ದಿಗೇ ಕಿವಿಗೊಟ್ಟು ಕೂತರು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬಂದವರಿಗೆ ಮೊದಲು ಕೊಡುವಂತೆ ಚೊಂಬು ನೀರು ಮುಂದೆ ಹಿಡಿದಳು. ಅವರು ಅದನ್ನು ಇಸಿದುಕೊಂಡು ಅಂಗಳಕ್ಕೆ ಚೆಲ್ಲಿಬಿಟ್ಟರು.

“ಯಾಕಲೇ, ಬಳ್ಳಾರಿ ಸೇರಿದ ಮ್ಯಾಲೆ ನಮ್ಮ ಮನಿ ನೀರು ಸೇರವಲ್ದೇನು?”

“ನೀ ಇವತ್ತು ಇದನ್ನ ಕುಡದೀ ಏನಕ್ಕಾ?”

“ಮತ್ತೇನು ಎಣ್ಣಿ ಕುಡೀಲಾ?”

ಅವರು ಸೂಜಿಯವನನ್ನು ಕರೆದು, ಅಕ್ಕನ ತೋಳನ್ನು ತಾವೇ ಹಿಡಿದುಕೊಂಡರು. ಬೈಯುತ್ತಿದ್ದವಳು ತಮ್ಮನ ಮುಖ ನೋಡಿ, ತೋಳನ್ನು ತಾನೇ ಸೂಜಿಯವನ ಕಡೆ ತಿರುಗಿಸಿಕೊಟ್ಟಳು.