ಬೇವಿನ ಮರದ ಸುತ್ತ ಒಂದು ಸಲಹೆ

ಗುರುವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ಸೇಡಂನ ನಮ್ಮ ಶಾಲೆಯಲ್ಲಿ ನಕಾಶೆಗಳನ್ನು ಇಡುವ ಕೋಣೆ. ಹಾಜರಿದ್ದವರು ಹೆಡ್‌ಮಾಸ್ತರು, ಏಳನೆಯ ತರಗತಿಯ ಗಿರಿಜಾ, ಆಡಕಿಯಿಂದ ಬಂದ ಅವಳ ತಂದೆ ಶರಣಪ್ಪ, ಮತ್ತು ನಾನು. ಕುರ್ಚಿಗಳೂ ನಾಲ್ಕು. ಇಷ್ಟು ಅಚ್ಚುಕಟ್ಟಾಗಿ ಶುರುವಾದ ಸಭೆ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ. ಅಷ್ಟು ಬೇಗ ಕೆಟ್ಟದ್ದೂ ಇನ್ನೊಂದಿಲ್ಲ.

ಕುರ್ಚಿಯ ಬಗ್ಗೆ ನನಗೆ ಮೊದಲಿನಿಂದ ಗೌರವ. ಬೆನ್ನು ನೆಟ್ಟಗಿದ್ದರೆ ಬುದ್ಧಿಯೂ ನೆಟ್ಟಗಿರುತ್ತದೆ ಎಂದು ನಮ್ಮ ತಂದೆ ನಂಬಿದ್ದರು. ಊಟ, ಪಾಠ, ಬೈಗುಳ ಮೂರನ್ನೂ ನಾವು ಕೂತೇ ಸ್ವೀಕರಿಸಬೇಕಿತ್ತು. ಈಗಲೂ ನನಗೆ ನಿಂತಾಗ ಸೀನು ಬಂದರೆ ಏನೋ ಶಿಸ್ತು ತಪ್ಪಿದಂತೆ ಅನಿಸುತ್ತದೆ.

ಹೀಗಿರುವಾಗ ಮೇಲಿನಿಂದ ಒಂದು ಹುಕುಂ ಬಂತು. ಜಾಣರಾಗಿದ್ದೂ ಓದು ಹತ್ತದ ಮಕ್ಕಳಿಗೆ ಸಲಹೆ ನೀಡಲು ಪ್ರತಿ ಶಾಲೆಯೂ ಒಬ್ಬ ಶಿಕ್ಷಕರನ್ನು ನೇಮಿಸಬೇಕಂತೆ. ಸಲಹೆಯೆಂಬುದು ನಮ್ಮ ಊರಿನಲ್ಲಿ ಕೇಳದೆ, ಬೀದಿಯಲ್ಲಿ, ಯಾರಿಂದ ಬೇಕಾದರೂ ಸಿಗುವ ವಸ್ತು. ಅದಕ್ಕೆ ವೇಳಾಪಟ್ಟಿ ಉಂಟೆಂದು ಯಾರಿಗೂ ಗೊತ್ತಿರಲಿಲ್ಲ. ಹೆಡ್‌ಮಾಸ್ತರು ನನ್ನನ್ನು ಆರಿಸಿದರು. "ನಿಮ್ಮಂಗ ಅಲುಗಾಡಲಾರ್ದ ಕೂಡೋರು ಈ ತಾಲೂಕಿನ್ಯಾಗ ಯಾರೂ ಇಲ್ರಿ" ಎಂದರು. ಅರ್ಹತೆ ಅಷ್ಟೇ.

ಗಿರಿಜಾ ವಿಚಿತ್ರ ಹುಡುಗಿ. ಲೆಕ್ಕವನ್ನು ನಾವು ಹೇಳಿ ಮುಗಿಸುವ ಮೊದಲೇ ಉತ್ತರ ಕೊಡುತ್ತಿದ್ದಳು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಒಂದು ಸಾಲು ದಾಟಲು ಬೆವರುತ್ತಿದ್ದಳು. ಕೇಳಿದರೆ, "ಅಕ್ಷರ ನಿಂದರಂಗಿಲ್ರಿ ಸರ್, ಓಡ್ಯಾಡ್ತಾವ" ಎನ್ನುವಳು. ಹಿಂದಿನ ವರ್ಷ ನಪಾಸಾಗಿದ್ದಳು. ಅವಳ ಹೆಸರು ತೆಗೆಸಲೆಂದೇ ಶರಣಪ್ಪ ಬಂದಿದ್ದ.

"ಓದ್ಲಕ ಬರಲಾರ್ದಾಕಿಗಿ ಸಾಲಿಗಿ ಕಳಿಸಿ ಏನ್ ಮಾಡ್ಲಿರಿ? ಸರ್ಟಿಫಿಕೇಟ್ ಕೊಡ್ರಿ. ಸಂಜಿ ಬಸ್ಸಿಗಿ ಕರ್ಕೊಂಡು ಹೋತೀನಿ."

"ಹೋಗೀರಂತ. ಮೊದ್ಲ ಸಲಹಾ ಆಗ್ಲಿ, ಕುಂದ್ರಿ" ಎಂದರು ಹೆಡ್‌ಮಾಸ್ತರು.

ನಾನು ಗಂಟಲು ಸರಿಪಡಿಸಿಕೊಂಡು ವಿದ್ಯೆಯ ಮಹಿಮೆಯಿಂದ ಆರಂಭಿಸಿದೆ. ಗಿರಿಜಾ ಎದ್ದು ಮೇಜಿನ ಸುತ್ತ ನಡೆಯತೊಡಗಿದಳು.

"ಕೂಡವಾ" ಎಂದೆ.

"ಕುಂತ್ರ ತಲಿ ನಿಂದರ್ತದ್ರಿ ಸರ್. ನಡದ್ರ ನಡೀತದ."

ಸಲಹೆಯನ್ನು ಎದುರಿಗಿದ್ದು ಹೇಳಬೇಕು. ಆದ್ದರಿಂದ ನಾನೂ ಎದ್ದು ಅವಳ ಹಿಂದೆ ಹೋದೆ. ಮಾಸ್ತರು ನಿಂತಿರುವಾಗ ಕೂರುವುದು ಹೇಗೆಂದು ಶರಣಪ್ಪ ಎದ್ದ. ಎಲ್ಲರೂ ಎದ್ದ ಮೇಲೆ ತಾವೊಬ್ಬರೇ ಕೂತರೆ ಚೆನ್ನಾಗಿರದೆಂದು ಹೆಡ್‌ಮಾಸ್ತರೂ ಎದ್ದರು. ಮರ್ಯಾದೆಯ ಮನುಷ್ಯರು ಒಮ್ಮೆ ಎದ್ದರೆ ಮೊದಲು ಕೂರುವವರು ಯಾರು? ಕೋಣೆ ಚಿಕ್ಕದು. ನಕಾಶೆಯ ಕೋಲುಗಳು ಬೀಳತೊಡಗಿದಾಗ ಗಿರಿಜಾ ಅಂಗಳಕ್ಕಿಳಿದಳು. ನಾವು ಮೂವರೂ ಅವಳ ಹಿಂದೆ ಬೇವಿನ ಮರದ ಕಟ್ಟೆಯನ್ನು ಸುತ್ತಹತ್ತಿದೆವು.

ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ಇದನ್ನು ಕಂಡು, ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಯಾವ ದೇವರ್ರೀ ಮಾಸ್ತರ?"

"ದೇವರಲ್ಲಬೇ, ಸಲಹಾ ನಡದದ" ಎಂದೆ.

"ಭಾಳ ಛಲೋ ಆತು. ನಮ್ಮ ಸೊಸಿಗಿ ಅದೇ ಬೇಕಾಗ್ಯದ" ಎಂದು ಕೈಮುಗಿದು ನಮ್ಮ ಸಾಲಿಗೆ ಸೇರಿದಳು.

ಸುತ್ತುವುದರಲ್ಲಿ ಏನೋ ಇದ್ದೀತು ಎಂದು ನನಗೆ ಆಗ ಹೊಳೆಯಿತು. ಮಂತ್ರ ಕಲಿಯುವ ವಟುಗಳು ತಲೆ ತೂಗುತ್ತಾರೆ, ಮದರಸಾದ ಮಕ್ಕಳು ಮೈಯನ್ನೇ ತೂಗುತ್ತಾರೆ. ಕಲಿಕೆ ಅಲುಗಾಡುತ್ತಲೇ ಬಂದಿದೆ. ಅದನ್ನು ಕುರ್ಚಿಗೆ ಕಟ್ಟಿಹಾಕಿದವರು ನಮ್ಮ ತಂದೆಯಂಥವರೇ ಇರಬೇಕು. ಶರಣಪ್ಪನಿಗಂತೂ ಇದು ಕಣದಲ್ಲಿ ಎತ್ತು ಹೊಡೆದಷ್ಟು ಸಲೀಸು. ಹೆಡ್‌ಮಾಸ್ತರ ನಡಿಗೆ ನಿಧಾನವಾದಾಗ ಅವನು ಅರಿವಿಲ್ಲದೆ ನಾಲಿಗೆ ಲೊಚಗುಟ್ಟಿದ. ಅವರು ಚುರುಕಾದರು.

ಚುರುಕಾದ ಹೆಡ್‌ಮಾಸ್ತರು ಒಂದು ಲೆಕ್ಕ ಕೇಳಿದರು. ವಾಡಿಯಿಂದ ಒಂದು ರೈಲು, ಶಹಾಬಾದಿನಿಂದ ಒಂದು ರೈಲು, ಎದುರುಬದುರು. ಎಲ್ಲಿ ಸಂಧಿಸುತ್ತವೆ? ಗಿರಿಜಾ ತಕ್ಷಣ ಹೇಳಿದಳು. ಮತ್ತೆ ಹೇಳಿದಳು, "ಆದ್ರ ಸರ್, ಎರಡೂ ಒಂದೇ ಹಳಿ ಮ್ಯಾಲ ಇದ್ರ ಲೆಕ್ಕ ಮಾಡ್ಕೋತ ಕೂಡಬಾರ್ದು. ಸ್ಟೇಷನ್ ಮಾಸ್ತರಿಗಿ ಹೇಳ್ಬೇಕು."

ಶರಣಪ್ಪ ನಂಬಲಿಲ್ಲ. "ಪುಸ್ತಕದ್ದು ಯಾರರ ಹೇಳಿಕೊಟ್ಟಿರ್ತಾರ. ನಂದೊಂದು ಕೇಳ್ತೀನಿ. ನಮ್ದು ಮೂರು ಅಣ್ತಮ್ಮರದು ಒಂದೇ ಬಾವಿ. ಮೊದ್ಲ ನೀರು ಬಿಟ್ಕೊಂಡಾವ್ಗ ಹೊಲ ತುಂಬತದ, ಕೊನಿಯಾವ್ಗ ಕೆಸರು ಸಿಗ್ತದ. ಮನ್ಯಾಗ ಹೆಣ್ಮಕ್ಕಳು ಮಾತು ಬಿಟ್ಟಾರ. ಏನ್ ಮಾಡ್ಬೇಕು ಹೇಳು."

ಗಿರಿಜಾ ನಡೆದಳು. ನಾವೂ ನಡೆದೆವು. ದೂರದಲ್ಲಿ ಆಡಕಿಯ ಬಸ್ಸು ಹಾರ್ನ್ ಹೊಡೆಯಿತು. ಶರಣಪ್ಪ ಗೇಟಿನ ಕಡೆ ನೋಡಿದ. ಈ ಸುತ್ತು ಮುಗಿಯುವುದರೊಳಗೆ ಅವಳು ಬಾಯಿ ತೆರೆಯದಿದ್ದರೆ ಅವಳ ಶಾಲೆ ಇಲ್ಲಿಗೆ ಮುಗಿದಂತೆ.

"ಅಪ್ಪಾ, ಇವತ್ತು ಕೊನಿಗಿದ್ದಾವ ನಾಳಿ ಮೊದ್ಲ ಬಿಟ್ಕೊಳ್ಳಿ. ಉಳಿದೋರು ಒಂದೊಂದು ಹಿಂದ ಸರೀಲಿ. ಎಲ್ಲಾರೂ ಮೊದ್ಲೂ ಆತಾರ, ಕೊನಿಗೂ ಆತಾರ."

ಶರಣಪ್ಪ ಬೆರಳು ಮಡಚಿ ನೋಡಿದ. ಇನ್ನೊಮ್ಮೆ ಮಡಚಿದ. "ನಿಮ್ಮ ದೊಡ್ಡಪ್ಪ ಒಪ್ಪಂಗಿಲ್ಲ."

"ಕುಂದರಿಸಿ ಹೇಳಬ್ಯಾಡ್ರಿ. ನಡ್ಕೋತ ಹೇಳ್ರಿ."

ಮುದುಕಿ "ಖರೇ ಅದ" ಎಂದಳು. ಬಸ್ಸು ಮತ್ತೊಮ್ಮೆ ಕೂಗಿ ಹೊರಟುಹೋಯಿತು. ಶರಣಪ್ಪ ತಿರುಗಿ ನೋಡದೆ, "ಇನ್ನೊಂದು ಸುತ್ತು ಹೋಗೂಣ್ರಿ" ಎಂದ.

ಆ ಸುತ್ತಿನಲ್ಲಿಯೇ ಎಲ್ಲ ತೀರ್ಮಾನವಾಯಿತು. ಗಿರಿಜಾ ತರಗತಿಯ ಹಿಂಭಾಗದಲ್ಲಿ ನಡೆಯಬಹುದು. ಪ್ರಶ್ನೆಗಳನ್ನು ಓದಿ ಹೇಳುವುದು ನಮ್ಮ ಕೆಲಸ, ಉತ್ತರವನ್ನು ಬಾಯಲ್ಲಿ ಹೇಳುವುದು ಅವಳ ಕೆಲಸ. ಅಕ್ಷರಗಳ ಓಡಾಟವನ್ನು ದಿನಾ ಸ್ವಲ್ಪಸ್ವಲ್ಪ ಹಿಡಿಯುವುದು ಅವಳೂ ನಾನೂ ಕೂಡಿ ಮಾಡುವ ಕೆಲಸ. ದೊಡ್ಡ ಪರೀಕ್ಷೆಯ ಬಗ್ಗೆ ಇಲಾಖೆಯ ಸಾಹೇಬರ ಹತ್ತಿರ ಹೆಡ್‌ಮಾಸ್ತರೇ ಹೋಗಿ ಮಾತಾಡುವುದು. "ಅವ್ರು ಕುಂದ್ರಿ ಅಂದ್ರ?" ಎಂದೆ. "ಕುಂದರಂಗಿಲ್ಲ" ಎಂದರು.

ಶರಣಪ್ಪ ಆ ರಾತ್ರಿಗೆ ಸೇಡಂನಲ್ಲೇ ಇದ್ದ ತನ್ನ ತಂಗಿಯ ಮನೆಗೆ ಹೋದ, ಮಗಳ ಸಂಗಡ. ಮುದುಕಿ ಮುಂದಿನ ಗುರುವಾರ ಸೊಸೆಯನ್ನು ಕರೆತರುವುದಾಗಿ ಹೇಳಿ ಹೊರಟಳು. ನನ್ನ ತಲೆ ಮಾತ್ರ ಇನ್ನೂ ತಿರುಗುತ್ತಿತ್ತು.

ಒಂದು ಕೆಲಸ ಉಳಿದಿತ್ತು. ಸಲಹೆಯ ಕೋಣೆಯ ನಾಲ್ಕೂ ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ಉಗ್ರಾಣಕ್ಕೆ ಹಾಕಿ ಬೀಗ ಹಾಕಿದೆ. ಆಮೇಲೆ ಬೇವಿನ ಮರದ ಬಳಿ, ಗೇಟಿನ ಪಕ್ಕ, ಚಪ್ಪಲಿ ಬಿಡಲು ಒಂದಿಷ್ಟು ಜಾಗ ಗುಡಿಸಿಟ್ಟು ಮನೆಗೆ ಹೋದೆ.