ಮೋಟನ ಹಗ್ಗದ ಕೆಂಪು ಕುಣಿಕೆ

"ಅಮ್ಮಾ, ಬೆಲ್ ಕೇಳಿದ್ರೆ ಹಗ್ಗದಜ್ಜಿ ಯಾಕೆ ಮುಖ ಊದಿಸ್ಕೊಳ್ತಾರೆ?"

ಮಗಳು ಇದನ್ನು ಕೇಳಿದ್ದು ಶೂ ಲೇಸು ಕಟ್ಟಿಸಿಕೊಳ್ಳುವಾಗ, ಒಂದು ಕಾಲನ್ನು ನನ್ನ ಮಂಡಿಯ ಮೇಲೆ ಇಟ್ಟುಕೊಂಡು. ಆಮೇಲೆ ತಾನೇ ತಿದ್ದಿಕೊಂಡಳು. "ನನ್ನ ಬೆಲ್‌ಗೆ ನಗ್ತಾರೆ. ಬ್ರೆಡ್ ಮಾಮನ ಬೆಲ್‌ಗೆ ಮಾತ್ರ ಹಾಗೆ."

ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಹೊಟ್ಟೆಕಿಚ್ಚು ಅಂದರೇನು ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅದಕ್ಕೆ ಉದಾಹರಣೆ ಹುಡುಕಲು ನಾನು ದೂರವೇನೂ ಹೋಗಬೇಕಿರಲಿಲ್ಲ. "ಲೇಟಾಯ್ತು, ಹೆಲ್ಮೆಟ್ ಹಾಕ್ಕೋ" ಎಂದೆ.

ಹಗ್ಗದಜ್ಜಿ ಎಂದು ಹೆಸರಿಟ್ಟವಳು ನನ್ನ ಮಗಳೇ. ಈಗ ಪಾರ್ಕಿನ ಕಾವಲುಗಾರನೂ ಹಾಗೇ ಕರೆಯುತ್ತಾನೆ. ಅವರು ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಿಗಳಿಗೆ ಕಾಜಾ ಹೊಲಿದವರು. ಕಣ್ಣು ಮಂಜಾಯಿತೆಂದು ಅಲ್ಲಿಂದ ಬಿಡಿಸಿದರು. ಸುಮ್ಮನೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು, ಎದುರುಮನೆಯ ಹಲ್ಲಿನ ಡಾಕ್ಟರಮ್ಮನ ನಾಯಿಮರಿಯನ್ನು ದಿನಾ ತಿರುಗಾಡಿಸಲು ಒಪ್ಪಿಕೊಂಡರು. ಹುಟ್ಟುವಾಗಲೇ ಬಾಲವಿಲ್ಲದ ಮರಿ, ಹೆಸರು ಮೋಟ. ಅದಾಗಿ ಒಂಬತ್ತು ವರ್ಷ. ಮೋಟನ ಹಿಂದೆ ಇನ್ನೂ ಮೂರು ಮನೆಯ ನಾಯಿಗಳು ಸೇರಿಕೊಂಡವು. ಆ ಮೂರನ್ನು ಅಜ್ಜಿ ತಿರುಗಾಡಿಸುತ್ತಾರೆ ಅಷ್ಟೇ. ಮೋಟನ ಜೊತೆಗೋ, ತಿರುಗಾಡುತ್ತಾರೆ.

ಪಾರ್ಕಿನಲ್ಲಿರುವುದು ಒಂದೇ ದಾರಿ, ಎರಡು ಮಂಚ ಅಡ್ಡಡ್ಡ ಹಾಕಿದಷ್ಟು ಅಗಲ. ಹೊರಗಿನ ರಸ್ತೆ ತುಂಬ ಬಸ್ಸು, ಹಾಗಾಗಿ ಸೈಕಲ್ಲಿನವರು, ನಾಯಿಯವರು, ಶಾಲೆಗೆ ಹೋಗುವವರು ಎಲ್ಲರಿಗೂ ಅದೇ ಗತಿ. ನಾನು ಲ್ಯಾಬಿಗೆ ಹೋಗುವ ಮೊದಲು ಮಗಳನ್ನು ಅದೇ ದಾರಿಯಲ್ಲಿ ಶಾಲೆಗೆ ಬಿಡುತ್ತೇನೆ. ಅವಳು ಪುಟ್ಟ ಸೈಕಲ್ ಮೇಲೆ, ನಾನು ಅವಳ ಚೀಲ ಹೊತ್ತು ಹಿಂದೆ. ಮೊದಲ ವಾರವೇ ಅಜ್ಜಿಯಿಂದ ಬೈಸಿಕೊಂಡೆ.

"ಮಗು ಸೈಕಲ್‌ಗೆ ಬೆಲ್ ಎಲ್ಲಮ್ಮಾ?"

"ಚಿಕ್ಕ ಸೈಕಲ್ ಅಲ್ವಾ, ಯಾಕೆ ಅಂತ..."

"ನನ್ನ ಕಣ್ಣಿಗೆ ಚಿಕ್ಕದೂ ಒಂದೇ ದೊಡ್ಡದೂ ಒಂದೇ, ಎರಡೂ ಕಾಣಲ್ಲ. ಕಿವಿಗೆ ಹೇಳಿ ಬರ್ಬೇಕು."

ಅಂದು ಸಂಜೆಯೇ ಬೆಲ್ ಹಾಕಿಸಿದೆ. ಮರುದಿನದಿಂದ ಪಾಠ ಶುರುವಾಯಿತು. ಹತ್ತು ಹೆಜ್ಜೆ ಹಿಂದಿರುವಾಗಲೇ ಎರಡು ಸಲ ಬೆಲ್. ಆಮೇಲೆ ಕಾಯಬೇಕು. ಅಜ್ಜಿ ನಾಯಿಗಳನ್ನು ಎಡಕ್ಕೆ ಹುಲ್ಲಿನ ಮೇಲೆ ಸರಿಸಿ, ಬಲಗೈ ಮೇಲೆತ್ತುತ್ತಾರೆ. ಕೈ ಎದ್ದ ಮೇಲೆ ಮುಂದೆ ಹೋಗಬಹುದು. ಕೈ ಏಳದಿದ್ದರೆ ಕಾಲು ನೆಲಕ್ಕೆ.

ನಾಯಿಗಳಿಗೂ ಪಾಠವಿತ್ತು. ಬೆಲ್ ಕೇಳಿದರೆ ಕೂರಬೇಕು, ಕೂತರೆ ಅಜ್ಜಿಯ ಸೊಂಟದ ಚೀಲದಿಂದ ಬಿಸ್ಕತ್ತಿನ ಚೂರು. ನಾಲ್ಕೂ ಹಗ್ಗಗಳನ್ನು ಅವರೇ ಹೆಣೆದಿದ್ದರು. ನಾಯಿಯ ಕೊರಳಿನಿಂದ ಒಂದೂವರೆ ಮೊಳ ಬಿಟ್ಟು, ಪ್ರತಿ ಹಗ್ಗಕ್ಕೂ ಕಾಜಾ ಹೊಲಿದ ಬಿಗಿಯಲ್ಲೇ ಹೊಲಿದ ಒಂದು ಕುಣಿಕೆ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಬೆಲ್ ಕೇಳಿದ ಕೂಡಲೆ ಬೆರಳು ಜಾರಿ ಕುಣಿಕೆಯೊಳಗೆ ಹೋಗಬೇಕು, ಹಗ್ಗ ಗಿಡ್ಡವಾಗಬೇಕು. "ಉದ್ದ ಹಗ್ಗ ಅಂದ್ರೆ ದಾರಿಗೆ ಅಡ್ಡ ಕಟ್ಟಿದ ತಂತಿ" ಎನ್ನುತ್ತಿದ್ದರು. ಮೋಟನ ಕುಣಿಕೆ ಕೆಂಪು.

ನನ್ನ ಮಗಳು ಇದನ್ನೆಲ್ಲ ಮನೆಗೆ ಹೊತ್ತು ತಂದಳು. ನಾನು ಊಟಕ್ಕೆ ಕರೆದರೆ, ಎರಡು ಸಲ ಕರೆದು ಕಾಯಬೇಕಂತೆ. ತಲೆ ಬಾಚಿದರೆ, "ಹಗ್ಗದಜ್ಜಿ ಆದ್ರೆ ನೋವಾಗದ ಹಾಗೆ ಬಾಚ್ತಾರೆ." ಅವರು ಯಾವಾಗ ಬಾಚಿದರು ಎಂದು ಕೇಳಿದರೆ, "ಬಾಚಿಲ್ಲ. ಆದ್ರೆ ಬಾಚಿದ್ರೆ ಹಾಗೆ." ಒಂಬತ್ತು ತಿಂಗಳು ಹೊತ್ತವಳು ನಾನು, ಹಾಲೂಡಿಸಿದವಳು ನಾನು, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವವಳೂ ನಾನು. ಬಾಚದ ತಲೆಗೂ ಹೊಗಳಿಕೆ ಮಾತ್ರ ಅವರಿಗೆ! ಆ ರಾತ್ರಿ ಡೈರಿಯಲ್ಲಿ ಒಂದೇ ಸಾಲು ಬರೆದೆ: ನಾಳೆಯಿಂದ ಅಗಲ ಹಲ್ಲಿನ ಬಾಚಣಿಗೆ.

ಬೇಕರಿಯವನು ಬಂದದ್ದು ಇದಾದ ಮೇಲೆ. ಬೆಳಗಿನ ಬ್ರೆಡ್ ಬೇಯಿಸಿ ಮುಗಿಸಿ, ಏಳೂಕಾಲಕ್ಕೆ ಎದುರು ದಿಕ್ಕಿನಿಂದ ಮನೆಗೆ ಹೊರಡುವ ಮನುಷ್ಯ. ಅಂಗಿಯ ತೋಳಿನಲ್ಲಿ ಹಿಟ್ಟು, ಕಣ್ಣಲ್ಲಿ ನಿದ್ದೆ, ಕಾಲಲ್ಲಿ ಅವಸರ. ಒಂದು ದಿನ ನೀರಿನ ತೊಟ್ಟಿಯ ತಿರುವಿನಲ್ಲಿ ಬೆಲ್ಲಿಲ್ಲದೆ ನುಗ್ಗಿದ. ಅಜ್ಜಿ ದಾರಿಯ ನಡುವೆ ನಿಂತೇಬಿಟ್ಟರು.

"ಏನಯ್ಯಾ, ಬಾಯಿ ಇಲ್ವಾ ನಿನ್ನ ಸೈಕಲ್‌ಗೆ?"

"ತಪ್ಪಾಯ್ತು ಅಮ್ಮಾ. ನಾಳೆಯಿಂದ ಹೊಡೀತೀನಿ."

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಲ್ ಹೊಡೆದ, ಇಳಿದ, ತಪ್ಪುಕಾಣಿಕೆಯೆಂಬಂತೆ ಜೇಬಿನಿಂದ ಬ್ರೆಡ್ಡಿನ ಅಂಚು ತೆಗೆದು ಮೋಟನ ಮುಂದೆ ಹಿಡಿದ. ಇನ್ನೂ ಬೆಚ್ಚಗಿತ್ತಂತೆ. ಅದರ ಮರುದಿನವೂ ಹಾಗೇ ಮಾಡಿದ. ಅಜ್ಜಿ ತಾವೇ ಕಲಿಸಿದ ಪಾಠ ಅವರಿಗೇ ತಿರುಗಿಬಿತ್ತು. ತಿಂಗಳು ತುಂಬುವುದರೊಳಗೆ ಬೆಲ್ ಕೇಳಿದರೆ ಮೂರು ನಾಯಿಗಳು ಅಜ್ಜಿಯ ಕಡೆ ಮುಖ ಮಾಡಿ ಕೂರುತ್ತಿದ್ದವು, ಮೋಟ ಮಾತ್ರ ಸೈಕಲ್ ಕಡೆ. ಇಲ್ಲದ ಬಾಲವನ್ನೇ ಅಲ್ಲಾಡಿಸುತ್ತಿದ್ದ, ಹಿಂಭಾಗವೆಲ್ಲ ಕುಣಿಯುತ್ತಿತ್ತು.

"ನೋಡ್ದೆಯಾ ನಿನ್ನ ಕಣ್ಣಲ್ಲೇ?" ಎಂದು ಅಜ್ಜಿ ನನ್ನ ಹತ್ತಿರ ಹೇಳಿಕೊಂಡರು. "ಒಂಬತ್ತು ವರ್ಷ ಬಿಸಿಲು ಮಳೆ ಅನ್ನದೆ ನಡೆಸಿದ್ದೀನಿ. ಇವನು ಯಾವನೋ ಬೆಣ್ಣೆ ಹಚ್ಚಿದ, ಅಷ್ಟೇ ಸಾಕಾಯ್ತು."

"ಬೆಣ್ಣೆ ಹಚ್ಚೋದೇ ಅವರ ಕೆಲಸ ಅಲ್ವಾ" ಎಂದೆ. ಅವರು ನಗಲಿಲ್ಲ.

"ಬ್ರೆಡ್ಡು ನಾಯಿ ಹೊಟ್ಟೆಗೆ ಆಗಲ್ಲ."

"ಬಿಸ್ಕತ್ತು ಆಗುತ್ತಾ?"

"ನಾನು ಕೊಟ್ರೆ ಆಗುತ್ತೆ!"

ಆಮೇಲೆ ಅವರು ಹಾಲಿನ ಬಿಸ್ಕತ್ತಿಗೆ ಬದಲಾದರು, ಅದು ಸಾಲದೆ ಬೇಯಿಸಿದ ಮೊಟ್ಟೆಗೆ. ಅವನು ಸಿಗದಿರಲೆಂದು ಅರ್ಧ ಗಂಟೆ ಬೇಗ ಹೊರಡತೊಡಗಿದರು. ಮೋಟ ತಿರುವಿನ ಹತ್ತಿರ ನಾಲ್ಕು ಕಾಲೂ ಊರಿ ಕೂತು, ಏಳೂಕಾಲಾಗುವವರೆಗೆ ಏಳಲಿಲ್ಲ. ಅವರ ಮುಖ ಕಂಡು ನನಗೆ ಅಯ್ಯೋ ಎನಿಸಿತು. ಸುಳ್ಳೇಕೆ, ಒಳಗೊಳಗೇ ಒಂದು ಚೂರು ಖುಷಿಯೂ ಆಯಿತು. ಈಗ ಗೊತ್ತಾಯಿತಾ ಅಜ್ಜಿ, ಹೇಗಿರುತ್ತದೆ ಎಂದು.

ಮಗಳು ಆ ಪ್ರಶ್ನೆ ಕೇಳಿದ ದಿನವೇ ಅನಾಹುತವಾಯಿತು.

ನಾವು ತಿರುವು ದಾಟುವಾಗ ಅಜ್ಜಿ ಇಪ್ಪತ್ತು ಹೆಜ್ಜೆ ಮುಂದಿದ್ದರು, ಬೆನ್ನು ನಮ್ಮ ಕಡೆ. ಎದುರಿನಿಂದ ಬೇಕರಿಯವನ ಬೆಲ್ ಕೇಳಿತು. ಅವನು ದಾರಿಯ ಆಚೆ ಬದಿಯ ಮರದಡಿ ಇಳಿದು ನಿಂತ. ಮೂರು ನಾಯಿಗಳು ಕೂತವು. ಅಜ್ಜಿಯ ಬೆರಳು ಕೆಂಪು ಕುಣಿಕೆಯೊಳಗೆ ಹೋಗಲಿಲ್ಲ. ಅವರು ಮೋಟನ ಹಗ್ಗವನ್ನು ಕೊನೆಯವರೆಗೂ ಸಡಿಲ ಬಿಟ್ಟು, ಈಚೆ ಬದಿಯ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೊಟ್ಟೆಯ ಚೂರು ಹಿಡಿದ ಬಲಗೈಯನ್ನು ಎತ್ತಿ ಕರೆದರು: "ಮೋಟಾ, ಬಾ! ಯಾರು ಬೇಕು ನಿಂಗೆ, ಬಾ!"

ಮೋಟ ಓಡಿದ, ಬೇಕರಿಯವನ ಕಡೆಗೆ. ಹಗ್ಗ ದಾರಿಗೆ ಅಡ್ಡ ಬಿಗಿಯಿತು.

ನನ್ನ ಮಗಳು ಅಷ್ಟರಲ್ಲಿ ಅಜ್ಜಿಯಿಂದ ಹತ್ತು ಹೆಜ್ಜೆ ಹಿಂದೆ ನಿಂತು, ಎರಡು ಸಲ ಬೆಲ್ ಹೊಡೆದು, ಹೇಳಿಕೊಟ್ಟ ಹಾಗೆಯೇ ಕಾಯುತ್ತಿದ್ದಳು. ಅಜ್ಜಿಯ ಬಲಗೈ ಮೇಲಿತ್ತು. ಕೈ ಎದ್ದಿದೆ, ಹೋಗಬಹುದು. ಅವಳು ಜೋರಾಗಿ ಪೆಡಲ್ ತುಳಿದಳು.

"ನಿಲ್ಲೇ!" ಎಂದು ನಾನು ಕೂಗುವಷ್ಟರಲ್ಲಿ ಮುಂದಿನ ಚಕ್ರ ಹಗ್ಗಕ್ಕೆ ಸಿಕ್ಕಿ ತಿರುಚಿತು. ಸೈಕಲ್ ಒಂದು ಕಡೆ, ಮಗು ಒಂದು ಕಡೆ. ಹೆಲ್ಮೆಟ್ ಕಲ್ಲಿಗೆ ತಗುಲಿದ ಟಕ್ ಎಂಬ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಚೀಲ ಎಸೆದು ಓಡಿದೆ. ಅವಳು ಎದ್ದಳು, ಮಂಡಿ ನೋಡಿಕೊಂಡಳು, ರಕ್ತ ಕಂಡು ಬಾಯಿ ತೆರೆದಳು. ಚಾಚಿದ ನನ್ನ ಎರಡು ಕೈಗಳನ್ನು ತಪ್ಪಿಸಿಕೊಂಡು ಹೋಗಿ ಹಗ್ಗದಜ್ಜಿಯ ಸೊಂಟಕ್ಕೆ ಮುಖ ಒತ್ತಿ ಅತ್ತಳು. ಬೀಳಿಸಿದವರ ಸೊಂಟಕ್ಕೆ!

ಆಚೆ ಮರದಡಿ ಮೋಟ ಬೇಕರಿಯವನ ಮೊಣಕೈ ನೆಕ್ಕುತ್ತಿದ್ದ. ಅಜ್ಜಿ ಅತ್ತ ನೋಡಿದರು, ಆಮೇಲೆ ನನ್ನನ್ನು. ನನ್ನ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಅವರ ಮುಖದಲ್ಲಿ ಏನಿತ್ತೋ ಅದೇ ನನ್ನದರಲ್ಲೂ ಇತ್ತು. ಇಬ್ಬರಿಗೂ ಅದು ತಿಳಿಯಿತು.

ಜನ ಸೇರಿದರು. ದಿನಾ ಬಿರುಸಾಗಿ ನಡೆಯುವ ಮೇಷ್ಟ್ರು ಕಾವಲುಗಾರನಿಂದ ದೂರಿನ ಪುಸ್ತಕ ತರಿಸಿ ನನ್ನ ಕೈಗಿಟ್ಟರು. "ನಾಯಿಗಳಿಗೆ ಪ್ರವೇಶ ಇಲ್ಲ ಅಂತ ಆಗ್ಲೇಬೇಕು. ಮಗು ನಿಮ್ದು. ನೀವು ಬರೆದ್ರೆ ನಾಳೆನೇ ಆಗುತ್ತೆ."

"ತಪ್ಪು ನಂದು ಸಾರ್" ಎಂದ ಬೇಕರಿಯವನು. "ಬ್ರೆಡ್ ತೋರಿಸಿ ಅಭ್ಯಾಸ ಕೆಡಿಸಿದ್ದು ನಾನು."

ಅಜ್ಜಿ ಸಿಡಿದರು. "ನಾಯಿನೂ ನಿಂದು, ತಪ್ಪೂ ನಿಂದೇನಾ? ನಂಗೇನೂ ಉಳಿಸಲ್ವಾ?" ಆಮೇಲೆ ತಗ್ಗಿದ ದನಿಯಲ್ಲಿ ನನ್ನ ಕಡೆ ತಿರುಗಿ, "ಹಗ್ಗ ಬಿಟ್ಟಿದ್ದು ನಾನೇ ಕಣಮ್ಮಾ. ಬೇಕು ಅಂತಲೇ ಬಿಟ್ಟೆ. ಹಾಗೇ ಬರಿ."

ಪೆನ್ಸಿಲ್ ನನ್ನ ಕೈಯಲ್ಲಿತ್ತು. ನಾನು ಒಂದು ಸಾಲು ಬರೆದರೆ ಅಜ್ಜಿಗೆ ಪಾರ್ಕಿಲ್ಲ. ಬಸ್ಸುಗಳ ರಸ್ತೆಯಲ್ಲಿ ಈ ಕಣ್ಣಿಟ್ಟುಕೊಂಡು ನಡೆಯಲಾರರು, ಅಂದರೆ ಮೋಟನೂ ಇಲ್ಲ. ನನ್ನ ಮಗಳಿಗೆ ಹಗ್ಗದಜ್ಜಿಯೂ ಇಲ್ಲ. ಆ ಕೊನೆಯದು ನನಗೆ ಎಷ್ಟು ಹಿತವಾಗಿ ಕಂಡಿತೆಂದರೆ ನನಗೇ ಭಯವಾಯಿತು. ಮಗುವಿನ ಮಂಡಿಗಾಗಿ ಬರೆಯುತ್ತಿದ್ದೇನೆ ಎಂದು ಎಲ್ಲರೂ ನಂಬುತ್ತಿದ್ದರು. ನಾನೂ ನಾಲ್ಕು ದಿನದಲ್ಲಿ ನಂಬುತ್ತಿದ್ದೆ.

ಬರೆದೆ: "ಹಗ್ಗ ಉದ್ದವಾಗಿದ್ದರಿಂದ ನನ್ನ ಮಗಳು ಬಿದ್ದಳು. ತೊಟ್ಟಿಯ ತಿರುವಿನಲ್ಲಿ ಸೈಕಲ್ಲಿನವರೆಲ್ಲ ಇಳಿದು ನಡೆಯಲಿ. ನಾಯಿಗಳ ಹಗ್ಗ ಅಲ್ಲಿ ಗಿಡ್ಡವಿರಲಿ. ಅಲ್ಲಿ ನಿಂತು ಯಾರೂ ತಿನ್ನಲು ಏನೂ ಕೊಡಬಾರದು."

"ಅಷ್ಟೇನಾ?" ಎಂದರು ಮೇಷ್ಟ್ರು.

"ಅಷ್ಟೇ."

ಕಾವಲುಗಾರ ಪುಸ್ತಕ ಮುಚ್ಚಿ ಅಜ್ಜಿಗೆ ಹೇಳಿದ, "ಇನ್ನೊಂದ್ಸಲ ಹಗ್ಗ ಅಡ್ಡ ಬಂದ್ರೆ ನಾಲ್ಕು ನಾಯಿನೂ ಗೇಟಿನ ಹೊರಗೆ. ಆಮೇಲೆ ನನ್ನ ಕೇಳ್ಬೇಡಿ."

ಸಂಜೆ ನಾನು ಮಗಳ ಮಂಡಿಗೆ ಮುಲಾಮು ಹಚ್ಚುತ್ತಿದ್ದಾಗ ಬಾಗಿಲು ಸದ್ದಾಯಿತು. ಎರಡು ಸಲ. ಆಮೇಲೆ ಸುಮ್ಮನೆ ಕಾಯುವ ಸದ್ದು.

"ಹಗ್ಗದಜ್ಜಿ!" ಎಂದು ಮಗಳು ಕುಂಟುತ್ತಲೇ ಓಡಿದಳು. ಮುಲಾಮು ನನ್ನ ಬೆರಳ ತುದಿಯಲ್ಲೇ ಉಳಿಯಿತು.

ಅಜ್ಜಿ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು. ಕೈಯಲ್ಲಿ ಮೋಟನ ಹಗ್ಗ. ಅದನ್ನು ಅರ್ಧಕ್ಕರ್ಧ ಕತ್ತರಿಸಿ ಮತ್ತೆ ಹೊಲಿದಿದ್ದರು. ಕೆಂಪು ಕುಣಿಕೆ ಈಗ ಮೊದಲಿಗಿಂತ ದಪ್ಪ. ಮಗಳ ತಲೆಯ ಮೇಲೆ ಕೈಯಾಡಿಸಿ ಬೈತಲೆ ಸರಿ ಮಾಡಿದರು. ನೋವಾಗದ ಹಾಗೆಯೇ.

"ಆ ಬ್ರೆಡ್ಡಿನವನಿಗೆ ಹೇಳಿದ್ದೀನಿ" ಎಂದರು. "ತಿರುವಲ್ಲಿ ಬೇಡ, ಆಚೆ ಬೆಂಚಿನ ಹತ್ರ ನಿಂತ್ಕೋ, ಒಂದೇ ಒಂದು ತುಂಡು ಕೊಡು ಅಂತ. ಕೊಡದೇ ಇದ್ರೆ ಮೋಟ ಅಲ್ಲಿಂದ ಕದಲಲ್ಲ. ಇನ್ನೇನ್ಮಾಡ್ಲಿ? ವಯಸ್ಸಾಯ್ತು ಅವನಿಗೂ."

"ಒಳ್ಳೇದೇ ಆಯ್ತಲ್ಲ" ಎಂದೆ.

"ಏನೊಳ್ಳೇದು? ಮೋಟ ಆ ಕಡೆ ಎಳೆದಾಗ ನನ್ನ ಬೆರಳು ಕುಣಿಕೆಯಲ್ಲಿ ನಿಲ್ಲಲ್ಲ ಕಣಮ್ಮಾ. ಹೋಗು, ಹಾಳಾಗಿ ಹೋಗು ಅನ್ನುತ್ತೆ ಕೈ. ಇವತ್ತು ಹಾಗೇ ಆಗಿದ್ದು. ನಾಳೆನೂ ಆಗುತ್ತೆ, ನಂಗೊತ್ತು." ಹಗ್ಗವನ್ನು ಸುತ್ತಿ ನನ್ನ ಕೈಯಲ್ಲಿಟ್ಟರು. "ಬೆಂಚಿನ ಹತ್ರ ಆ ಐದು ನಿಮಿಷ ಮೋಟನ್ನ ನೀನು ಹಿಡ್ಕೊಳ್ತೀಯಾ? ಗಿಡ್ಡಕ್ಕೆ, ಕುಣಿಕೆಗೆ ಬೆರಳು ಹಾಕಿ. ನಾನು ಬೆನ್ನು ತಿರುಗಿಸಿ ಹುಲ್ಲಿನ ಮೇಲೆ ನಿಂತಿರ್ತೀನಿ. ಒಬ್ಬಳೇ ನಿಂತ್ರೆ ಮತ್ತೆ ತಿರುಗಿ ನೋಡ್ತೀನಿ." ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಅಷ್ಟು ಹೊತ್ತು ಇವಳು ನನ್ನ ಹತ್ರ ಇರ್ಲಾ?"