ಅಪ್ಪಯ್ಯನ ಬಲಗೈಗೆ ಬಂದ ರೋಬೋಟು

ಅಪ್ಪಯ್ಯನಿಗೆ ಸ್ಟ್ರೋಕ್ ಆದ ಮೇಲೆ ಕುಂದಾಪುರದ ಆಸ್ಪತ್ರೆಯವರು ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು, ಇದನ್ನು ದಿನಾ ಬಲಗೈಯಲ್ಲಿ ಹಿಸುಕಬೇಕು ಎಂದರು. ಅಪ್ಪಯ್ಯ ಚೆಂಡನ್ನು ನೋಡಿದರು, ಕೊಟ್ಟವರನ್ನು ನೋಡಿದರು, "ನಾನ್ ಎಂತ ಸಣ್ಣ ಮಗುವಾ?" ಎಂದರು. ಮನೆಗೆ ಬಂದ ಮೇಲೆ ಚೆಂಡು ನಾಯಿಯ ಪಾಲಾಯಿತು. ನಾಯಿಯ ದವಡೆ ಈಗ ಬಹಳ ಗಟ್ಟಿಯಾಗಿದೆ.

ಮುಂಬೈಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಅಣ್ಣನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವನು ತುಂಬ ಯೋಚಿಸಿದನಂತೆ. ಚೆಂಡು ಮಕ್ಕಳಾಟವೆಂದು ದೂರ ಇಟ್ಟ ಅಪ್ಪನಿಗೆ ಅವನು ಯೋಚಿಸಿ ಕಳಿಸಿದ್ದು ರಿಮೋಟಿನಿಂದ ಓಡುವ ಆಟದ ರೋಬೋಟು. ನಮ್ಮ ಮನೆಯಲ್ಲಿ ತುಂಬ ಯೋಚಿಸುವವರು ಹೀಗೇ.

ಅಪ್ಪಯ್ಯ ಹರೆಯದಿಂದಲೂ ನಾಡದೋಣಿಯ ಹಿಂಬದಿಯಲ್ಲಿ ಕೂತು ಎಂಜಿನ್ ಹಿಡಿದವರು. ದೋಣಿಯಲ್ಲಿ ಮುಂದೆ ಇರುವವರು ಬಲೆ ಬಿಡುತ್ತಾರೆ, ಎಳೆಯುತ್ತಾರೆ, ಗಲಾಟೆ ಮಾಡುತ್ತಾರೆ. ಹಿಂದೆ ಕೂತವನು ನೀರು ನೋಡುತ್ತ ಸುಮ್ಮನಿರಬೇಕು. ದಡಕ್ಕೆ ಬಂದ ಮೇಲೂ ಅಪ್ಪಯ್ಯ ಆ ಕ್ರಮ ಬಿಟ್ಟವರಲ್ಲ. ಅಮ್ಮ ಮೀನಿನ ಬುಟ್ಟಿ ಹೊತ್ತು ತೆಕ್ಕಟ್ಟೆಯವರೆಗೆ ಮನೆಮನೆ ತಿರುಗಿದವಳು. ಹಾಗಾಗಿ ಮನೆಯ ಮಾತೆಲ್ಲ ಅವಳ ಪಾಲಿನದು. ನಾನು ಕೋಟದ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಮಾತು ನನಗೂ ಬರುತ್ತದೆ, ಮನೆಯಲ್ಲಿ ಸರದಿ ಸಿಗುವುದಿಲ್ಲ ಅಷ್ಟೆ.

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಅಪ್ಪಯ್ಯನ ತಲೆ ಸರಿಯಿದೆಯೇ ಎಂದು ಪರೀಕ್ಷೆ ಮಾಡಿದರು. "ಎಡಗೈ ಎತ್ತಿ ನೋಡುವಾ" ಎಂದರು. ಅಪ್ಪಯ್ಯ ಕಿಟಕಿಯ ಕಡೆ ನೋಡಿದರು. "ಇದು ಯಾವ ತಿಂಗಳು?" ಎಂದು ಡಾಕ್ಟರು ಕೇಳಿದರು. ಅಪ್ಪಯ್ಯ ಕಿಟಕಿ ಬಿಡಲಿಲ್ಲ. ಕೊನೆಗೆ ಡಾಕ್ಟರು ಅಮ್ಮನನ್ನು ತೋರಿಸಿ, "ಇವರ ಹೆಸರು ಹೇಳಿ" ಎಂದರು.

"ಅವ್ಳನ್ನೇ ಕೇಣಿ" ಎಂದರು ಅಪ್ಪಯ್ಯ.

ಡಾಕ್ಟರು ನಕ್ಕು ಏನೋ ಬರೆದುಕೊಂಡರು. ಅಮ್ಮ ನಗಲಿಲ್ಲ. ನಮ್ಮ ಕಡೆಯ ಹಳಬರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಾದಂದಿನಿಂದ ಅಪ್ಪಯ್ಯ ಅಮ್ಮನನ್ನು "ಹ್ವಾಯ್" ಎಂದೇ ಕರೆದವರು. ಅವರ ಬಾಯಲ್ಲಿ ಅವಳ ಹೆಸರನ್ನು ನಾನೂ ಕೇಳಿಲ್ಲ, ಅಣ್ಣನೂ ಕೇಳಿಲ್ಲ, ಅವಳೂ ಕೇಳಿಲ್ಲ. ಹಾಗಿರುವಾಗ ಅವರು ಹೇಳದೆ ಬಿಟ್ಟದ್ದು ಕ್ರಮದ ಪ್ರಕಾರವೋ, ಮರೆತುಹೋಗಿಯೋ, ತಿಳಿಯುವುದು ಹೇಗೆ? ಬಸ್ಸಿನಲ್ಲಿ ಅಮ್ಮ ನನ್ನ ಕಿವಿಯ ಹತ್ತಿರ ಬಂದು, "ಹೇಳುಕಾಗ್ದ್ ಅಂದೇಳಿ ಹೇಳ್ಲಿಲ್ಯಾ, ಗೊತ್ತಿಲ್ದೇ ಹೇಳ್ಲಿಲ್ಯಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಊರಿಗೆಲ್ಲ ಪ್ರಶ್ನೆ ಕೇಳುವ ಅಮ್ಮ ಇದೊಂದನ್ನು ಅಪ್ಪಯ್ಯನ ಹತ್ತಿರ ಕೇಳಲು ಹೆದರಿದಳು.

ಇಂಥ ಮನೆಗೆ ರೋಬೋಟು ಬಂತು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಅದು ಇಡಿಯಾಗಿತ್ತು, ಒಳಗೆ ಬಿಡಿಬಿಡಿಯಾಗಿತ್ತು. ತಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಕೈಗಳು ಇನ್ನೊಂದರಲ್ಲಿ, ಪಾದದಡಿಯ ಚಕ್ರಗಳು ಮತ್ತೊಂದರಲ್ಲಿ. ಜೋಡಿಸುವ ಕ್ರಮವನ್ನು ಚೀನೀ ಭಾಷೆಯಲ್ಲಿ ಮತ್ತು ಇಂಗ್ಲಿಷ್ ಎಂದು ಅವರು ತಿಳಿದುಕೊಂಡಿದ್ದ ಭಾಷೆಯಲ್ಲಿ ಅಚ್ಚು ಮಾಡಿದ್ದರು. ಜೆರಾಕ್ಸ್ ಮೆಷಿನ್ನುಗಳ ಹೊಟ್ಟೆಯನ್ನು ನಾನೇ ಬಿಚ್ಚಿ ಕಟ್ಟುವವಳು, ಆದ್ದರಿಂದ ಚಿತ್ರ ನೋಡಿಕೊಂಡು ಜೋಡಿಸಿದೆ. ಬಲಗೈ ಮೊದಲು ಹಿಂದುಮುಂದಾಗಿ ಕೂತಿತು. ಅಪ್ಪಯ್ಯ ಬೆಂಚಿನಿಂದಲೇ ನೋಡುತ್ತಿದ್ದರು. ಬೆನ್ನಿನ ಮುಚ್ಚಳದ ಸ್ಕ್ರೂ ಎಷ್ಟು ಸಣ್ಣದಿತ್ತೆಂದರೆ ಅಂಗಡಿಗೆ ಹೋಗಿ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ತರಬೇಕಾಯಿತು. ತೆಗೆದರೆ ಒಳಗೆ ಸೆಲ್ ಇರಲಿಲ್ಲ. ಸೆಲ್ ತರಲು ಮತ್ತೆ ಹೋದೆ.

ಸೆಲ್ ಹಾಕಿದರೂ ಅಮ್ಮ ಸ್ವಿಚ್ಚು ಮುಟ್ಟಲು ಬಿಡಲಿಲ್ಲ. ನಮ್ಮಲ್ಲಿ ಹೊಸ ಎಂಜಿನ್ ಬಂದರೆ ಪೂಜೆ ಮಾಡದೆ ಶುರು ಮಾಡುವ ಕ್ರಮವಿಲ್ಲ. ದೋಣಿಯದ್ದಾದರೂ ಸರಿ, ಮಿಕ್ಸಿಯದ್ದಾದರೂ ಸರಿ. ಶುಕ್ರವಾರ ಬೆಳಿಗ್ಗೆ ರಾಹುಕಾಲ ಬರುವ ಮೊದಲು ಅಮ್ಮ ರೋಬೋಟನ್ನು ಮಣೆಯ ಮೇಲೆ ನಿಲ್ಲಿಸಿ, ದೀಪ ತೋರಿಸಿ, ಹಣೆಗೆ ಗಂಧ ಕುಂಕುಮ ಹಚ್ಚಿದಳು. ಹಣೆಯಲ್ಲಿ ಅದಕ್ಕೆಂದೇ ಮಾಡಿಟ್ಟ ಹಾಗೆ ಒಂದು ಕಪ್ಪು ಗಾಜಿನ ಗುಂಡಗಿನ ಜಾಗವಿತ್ತು. ಕಾಯಿ ಒಡೆದಳು. ನಾನು ಸ್ವಿಚ್ಚು ಹಾಕಿ ರಿಮೋಟಿನ ಕಡ್ಡಿ ಮುಂದೆ ತಳ್ಳಿದೆ. ರೋಬೋಟು ಮಣೆಯ ಮೇಲೆ ದೇವರ ಹಾಗೆ ನಿಂತಿತ್ತು.

ಸೆಲ್ ಬದಲಿಸಿದೆ. ರಿಮೋಟಿನ ಸೆಲ್ ಬದಲಿಸಿದೆ. ಅಣ್ಣನಿಗೆ ಫೋನ್ ಮಾಡಿ ಬೈದೆ. ಅವನು ಅಂಗಡಿಯವನಿಗೆ ಬೈದ. ಕೊನೆಗೆ ಕಾಗದವನ್ನು ಮತ್ತೆ ಓದಿದಾಗ ಗೊತ್ತಾದದ್ದು, ರಿಮೋಟಿನ ಸೂಚನೆಯನ್ನು ಅದು ತೆಗೆದುಕೊಳ್ಳುವುದು ಹಣೆಯ ಕಪ್ಪು ಗಾಜಿನಿಂದ, ಅದನ್ನು ಯಾವುದರಿಂದಲೂ ಮುಚ್ಚಬಾರದು. ಒರೆಸಲು ಹೋದರೆ ಅಮ್ಮ ಕೈ ಹಿಡಿದಳು.

"ಹಚ್ಚಿದ್ ಕುಂಕುಮ ಹಣಿಯಿಂದ ಒರ್ಸುಕಾಗ್ದ್, ಹೆಣೆ. ಗಂಡ ಇಪ್ಪ ಮನಿ ಇದ್."

ಬಹಳ ಚರ್ಚೆಯಾದ ಮೇಲೆ, ರೋಬೋಟಿನ ಹೊಟ್ಟೆಗೆ ಬೇರೆ ಕುಂಕುಮ ಮೊದಲು ಹಚ್ಚುವುದು, ಆಮೇಲೆ ಹಣೆಯದನ್ನು ಒದ್ದೆ ಬಟ್ಟೆಯಲ್ಲಿ ತೆಗೆಯುವುದು ಎಂದು ತೀರ್ಮಾನವಾಯಿತು. ತೆಗೆದ ಕೂಡಲೇ ಅದರ ಕಣ್ಣು ನೀಲಿಯಾಗಿ ಬೆಳಗಿ, ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಎಂತ ಅಂಬ್ರ್?" ಎಂದಳು ಅಮ್ಮ.

"ತಯಾರ್ ಅಂಬ್ರ್" ಎಂದೆ.

ರಿಮೋಟಿನಲ್ಲಿ ಎರಡು ಕಡ್ಡಿಗಳಿದ್ದವು. ಎಡಗೈಯ ಕಡ್ಡಿ ಮುಂದೆ ಹಿಂದೆ ಹೋಗಲು, ಬಲಗೈಯ ಕಡ್ಡಿ ಎಡಕ್ಕೆ ಬಲಕ್ಕೆ ತಿರುಗಿಸಲು. ಅಣ್ಣನ ಯೋಚನೆ ಇದ್ದದ್ದು ಈ ಬಲಗೈಯ ಕಡ್ಡಿಯಲ್ಲಿ. ಅಪ್ಪಯ್ಯ ಅದನ್ನು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಕೊಡಲು ಹೋಗಲಿಲ್ಲ. ಅವರ ಎದುರು ನಾನೇ ಬಿಡತೊಡಗಿದೆ. ಬೇಕೆಂದೇ ಕೆಟ್ಟದಾಗಿ ಬಿಟ್ಟೆ ಎಂದು ಹೇಳಬಹುದಿತ್ತು, ಆದರೆ ನನಗೆ ಬರುತ್ತಿದ್ದುದೇ ಅಷ್ಟು. ಅದು ಹೋಗಿ ಬೆಂಚಿನ ಕಾಲಿಗೆ ಬಡಿಯಿತು, ಚಪ್ಪಲಿಯ ಮೇಲೆ ಹತ್ತಿ ಮಗುಚಿತು. ಇನ್ನೊಬ್ಬರು ಕೆಟ್ಟದಾಗಿ ಓಡಿಸುವುದನ್ನು ಅಪ್ಪಯ್ಯ ಸಹಿಸಿದವರಲ್ಲ.

"ಹೀಂಗ್ ಬಿಡುದಾ? ಕೊಡ್ ಇಲ್ಲಿ" ಎಂದು ಕೈ ಚಾಚಿದರು. ಚಾಚಿದ್ದು ಬಲಗೈ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನೋಡುತ್ತ ನಿಂತಿದ್ದಳು.

ಜಗಲಿಯಿಂದ ಅಡಿಗೆಮನೆಗೆ ಹೋಗುವ ಬಾಗಿಲು ಅಪ್ಪಯ್ಯ ಕೂತಲ್ಲಿಂದ ಸ್ವಲ್ಪ ಬಲಕ್ಕಿದೆ. ಎಡಕ್ಕೆ ಗೋಡೆ. "ಆ ಬಾಗ್ಲಂಗೆ ಹೋಯ್ಕ್" ಎಂದು ಅವರೇ ಹೇಳಿ ರೋಬೋಟು ಬಿಟ್ಟರು. ಅದು ನೇರ ಹೋಗಿ, ಎಡಕ್ಕೆ ತಿರುಗಿ, ಗೋಡೆಗೆ ಬಡಿದು ನಿಂತಿತು. ಇನ್ನೊಮ್ಮೆ ಬಿಟ್ಟರು. ಮತ್ತೆ ಗೋಡೆ. ಕೈ ನಡುಗಿ ಹಾಗಾಗುತ್ತಿದೆ ಎಂದುಕೊಂಡು ಹತ್ತಿರ ಹೋಗಿ ನೋಡಿದೆ. ಕೈ ನಡುಗುತ್ತಿರಲಿಲ್ಲ. ಬಾಗಿಲು ಬಲಕ್ಕಿರುವಾಗ ಅವರ ಹೆಬ್ಬೆರಳು ಕಡ್ಡಿಯನ್ನು ಸ್ಪಷ್ಟವಾಗಿ, ನಿಧಾನವಾಗಿ, ಎಡಕ್ಕೆ ತಳ್ಳುತ್ತಿತ್ತು.

ಅಮ್ಮನೂ ಅದನ್ನು ನೋಡಿದಳು. ಅವಳು ಏನೂ ಹೇಳದೆ ಒಳಗೆ ಹೋದಳು. ಅವಳು ಏನೂ ಹೇಳದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಮಧ್ಯಾಹ್ನ ಬಂಗುಡೆ ಸಾರು, ಹುರಿದ ಬಂಗುಡೆ, ಬಂಗುಡೆಯ ಸುಕ್ಕ, ಮೂರೂ ಆಯಿತು. ಮೂರು ಜನರಿಗೆ ಅಷ್ಟು ಯಾಕೆ ಎಂದು ಯಾರೂ ಕೇಳಲಿಲ್ಲ. ಪಾತ್ರೆ ತೊಳೆಯುವಾಗ ಅಮ್ಮ ಹೇಳಿದಳು, "ಎಡ ಬಲ ಗೊತ್ತಿಲ್ದಿದ್ದರಿಗೆ ನನ್ ಹೆಸ್ರ್ ಎಲ್ಲಿ ನೆನ್ಪಿರತ್ತ್." ನನಗೆ ಅಳು ಬಂತು. ಅವಳ ಎದುರು ಅಳಬಾರದೆಂದು ಕಸ ಎಸೆಯಲು ಹೊರಗೆ ಹೋದೆ.

ಅಪ್ಪಯ್ಯ ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಗಂಜಿ ಉಂಡು, ರಿಮೋಟು ಹಿಡಿದು, ರೋಬೋಟನ್ನು ಗೋಡೆಗೆ ಬಡಿಸುತ್ತಿದ್ದರು. ಬಡಿದಾಗಲೆಲ್ಲ ಅವರ ಮುಖ ಇನ್ನೂ ಬಿಗಿಯಾಗುತ್ತಿತ್ತು. ಗೋಡೆಯ ಸುಣ್ಣ ಎದ್ದಿತು. ರೋಬೋಟಿನ ಹೊಟ್ಟೆಯ ಕುಂಕುಮ ಗೋಡೆಗೆ ಹತ್ತಿತು. ಅಣ್ಣ ಫೋನಿನಲ್ಲಿ, ರೋಬೋಟು ಹೇಗಿದೆ ಎಂದು ಕೇಳಿದ. ಗಟ್ಟಿಮುಟ್ಟಾಗಿದೆ ಎಂದೆ.

ಒಂದು ದಿನ ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವಳು, ಗೋಡೆಗೆ ಬಡಿದ ರೋಬೋಟನ್ನು ಎತ್ತಿ, ಅಪ್ಪಯ್ಯನ ಕಡೆಗೆ ಮುಖ ಮಾಡಿ ಇಟ್ಟಳು. ಅಪ್ಪಯ್ಯ ಬಿಟ್ಟಾಗ ಅದು ನಾಯಿಯನ್ನು ತಪ್ಪಿಸಿಕೊಂಡು, ಚಪ್ಪಲಿಗಳ ನಡುವೆ ನುಸುಳಿ, ನೇರ ಅಪ್ಪಯ್ಯನ ಕಾಲ ಬುಡಕ್ಕೆ ಹೋಗಿ ನಿಂತಿತು.

"ಇದೆಂತ ಹೆಣೆ, ಹೋಪತಿಗೆ ದಿಕ್ ತಪ್ಪತ್ತ್, ಬಪ್ಪತಿಗೆ ಸಮ ಬತ್ತ್?" ಎಂದಳು ಅಮ್ಮ.

ನನಗೆ ಆಗುತ್ತಿದ್ದುದು ಇದರ ತದ್ವಿರುದ್ಧ. ಹೋಗುವಾಗ ನನ್ನ ರೋಬೋಟು ಸರಿಯಾಗಿ ಹೋಗುತ್ತಿತ್ತು. ನನ್ನ ಕಡೆಗೆ ಬರುವಾಗ ಅದರ ಎಡ ನನ್ನ ಬಲವಾಗಿ, ಎಲ್ಲ ಗೊಂದಲವಾಗುತ್ತಿತ್ತು. ಎಡ ಬಲ ಮರೆತವರಾದರೆ ಒಮ್ಮೆ ಸರಿ ಒಮ್ಮೆ ತಪ್ಪು ಆಗಬೇಕು. ಅಪ್ಪಯ್ಯನದು ಹೋಗುವಾಗ ಪ್ರತಿ ಸಲ ತಪ್ಪು, ಬರುವಾಗ ಪ್ರತಿ ಸಲ ಸರಿ. ಆಗ ನಾನು ರೋಬೋಟು ಬಿಟ್ಟು ಅಪ್ಪಯ್ಯನನ್ನು ನೋಡಿದೆ. ಅವರು ಬೆಂಚಿನ ತುದಿಯಲ್ಲಿ ಓರೆಯಾಗಿ ಕೂತಿದ್ದರು, ಒಂದು ಕಾಲು ಮುಂದೆ, ಬಲ ಮೊಣಕೈ ಹಿಂದಕ್ಕೆ, ಕಣ್ಣು ದೂರಕ್ಕೆ. ದೋಣಿಯಲ್ಲಿ ಎಂಜಿನ್ ಹಿಡಿದು ಅವರು ಕೂರುತ್ತಿದ್ದುದೇ ಹಾಗೆ.

ನಾನು ಸಣ್ಣವಳಿದ್ದಾಗ ಅವರು ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆಗೆ ಹೋಗಿ, ದೋಣಿ ತಿರುಗಿಸುವ ಎಂಜಿನ್ನಿನ ಹಿಡಿ ಕೈಗೆ ಕೊಟ್ಟದ್ದುಂಟು. ನಾನು ಬಲಕ್ಕೆ ಹೋಗಬೇಕೆಂದು ಹಿಡಿಯನ್ನು ಬಲಕ್ಕೆ ಎಳೆದೆ. ದೋಣಿ ಎಡಕ್ಕೆ ಹೋಗಿ ಕೆಸರಿಗೆ ನುಗ್ಗಿತು. ಆಗ ಅಪ್ಪಯ್ಯ ಹೇಳಿದ ಮಾತನ್ನು ನಾನು ಈಗ ಜಗಲಿಯಲ್ಲಿ ಅವರಿಗೇ ಹೇಳಿದೆ: "ಮೂತಿ ಬಲಕ್ ಹೋಯ್ಕಾರೆ ಕೈ ಎಡಕ್ ಹೋಯ್ಕ್."

"ಮತ್ತೆ? ಹಾಂಗೇ ಅಲ್ದಾ ನಾನ್ ಮಾಡುದ್?" ಎಂದರು ಅಪ್ಪಯ್ಯ.

"ಇದ್ರಂಗೆ ಹಾಂಗಿಲ್ಲೆ ಅಪ್ಪಯ್ಯಾ. ಕೈ ಹೋದ್ ಬದಿಗೇ ಇದೂ ಹೋತ್."

ಅಪ್ಪಯ್ಯ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಾಂಗಾರೆ ಮಾಡಿದರಿಗೆ ತಲಿ ಇಲ್ಲೆ" ಎಂದರು.

ಅದನ್ನು ಅಂಗಡಿಗೆ ಒಯ್ದು ರಿಮೋಟಿನ ಹೊಟ್ಟೆ ಬಿಚ್ಚಿದೆ. ಬಲಗೈಯ ಕಡ್ಡಿಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ತಂತಿ ಇತ್ತು. ಎರಡನ್ನೂ ಕಿತ್ತು ಅದಲು ಬದಲು ಮಾಡಿ ಬೆಸುಗೆ ಹಾಕಿದೆ. ಜೆರಾಕ್ಸಿಗೆ ಬಂದವರು ಕಾದು ನಿಂತು ಬೇಸರ ಮಾಡಿಕೊಂಡು ಹೋದರು.

ಮನೆಗೆ ತಂದು ಅಪ್ಪಯ್ಯನ ಕೈಗೆ ಕೊಟ್ಟೆ. ಅವರು ಓರೆಯಾಗಿ ಕೂತರು. ರೋಬೋಟು ಜಗಲಿ ದಾಟಿತು, ಗೋಡೆಯ ಹತ್ತಿರ ಬಂತು, ಬಲಕ್ಕೆ ಹೊರಳಿ, ಬಾಗಿಲ ನಡುವೆ ನುಗ್ಗಿ, ಒಳಗೆ ಅಮ್ಮನ ಮಣೆಯ ಎದುರು ನಿಂತು, ತಾನು ತಯಾರಿರುವುದಾಗಿ ಇಂಗ್ಲಿಷಿನಲ್ಲಿ ಹೇಳಿತು. ಅಮ್ಮ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ಹಿಡಿದುಕೊಂಡು ಜಗಲಿಗೆ ಬಂದಳು.

ಅಪ್ಪಯ್ಯ ರಿಮೋಟನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, "ನಂಗೆ ತಲಿ ಕೆಟ್ಟಿತ್ ಅಂದೇಳಿ ಎಣ್ಸಿದ್ರ್ಯಾ?" ಎಂದರು.

ನಾನು ಇಲ್ಲ ಎಂದೆ. ಅಮ್ಮ ಹೌದು ಎಂದಳು.

"ನಾನೂ ಹಾಂಗೇ ಎಣ್ಸಿದ್ದೆ" ಎಂದರು ಅಪ್ಪಯ್ಯ. "ಆಸ್ಪತ್ರಿಯಂಗೆ ಅದ್ಕೇ ಬಾಯಿ ಬಿಡ್ಲಿಲ್ಲೆ. ತಪ್ಪಿ ಹೋರೆ?"

ಅಷ್ಟು ದಿನ ನಾವು ಅದನ್ನು ಸೊಕ್ಕು ಎಂದುಕೊಂಡಿದ್ದೆವು, ಇಲ್ಲವೇ ಮರೆವು ಎಂದುಕೊಂಡಿದ್ದೆವು. ಹೆದರಿಕೆ ಎಂದು ನಮಗೆ ಹೊಳೆದಿರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ತೆರೆಗೆ ಹೆದರದ ಮನುಷ್ಯ ಎಂಬ ಲೆಕ್ಕ ನಮ್ಮದು. ಅಮ್ಮ ಬಂದು ಬೆಂಚಿನ ಮೇಲೆ ಅವರ ಪಕ್ಕ ಕೂತಳು. ಬೆಳ್ಳುಳ್ಳಿ ಸುಲಿಯುವುದನ್ನು ಅಲ್ಲಿಯೇ ಮುಂದುವರಿಸಿದಳು.

ರಿಮೋಟು ಸರಿಯಾದ ಮೇಲೆ ಮನೆಯಲ್ಲಿ ಅದನ್ನು ಬೇರೆ ಯಾರಿಂದಲೂ ಓಡಿಸಲಾಗುವುದಿಲ್ಲ. ರಜೆಯಲ್ಲಿ ಬಂದ ಅಣ್ಣ ತಾನು ಕಳಿಸಿದ್ದೆಂಬ ಗತ್ತಿನಿಂದ ಹಿಡಿದು, ಮೊದಲ ತಿರುವಿನಲ್ಲೇ ಅರೆಯುವ ಕಲ್ಲಿಗೆ ಗುದ್ದಿದ. ಅಪ್ಪಯ್ಯ ಅದನ್ನು ಬಹಳ ಸಂತೋಷದಿಂದ ನೋಡಿದರು.

ಮುಂದಿನ ಸಲ ಕುಂದಾಪುರಕ್ಕೆ ತೋರಿಸಲು ಹೋದಾಗ ಅಪ್ಪಯ್ಯನ ಬಲಗೈಯ ಹಿಡಿತ ನೋಡಿ ಡಾಕ್ಟರು, ಚೆಂಡು ಒಳ್ಳೆಯ ಕೆಲಸ ಮಾಡಿದೆ ಎಂದರು. ನಾವು ಯಾರೂ ತಿದ್ದಲಿಲ್ಲ. ಎಡಗೈ ಎತ್ತಿ ಎಂದರು. ಅಪ್ಪಯ್ಯ ಎಡಗೈ ಎತ್ತಿದರು, ಕೇಳದಿದ್ದರೂ ಬಲಗೈಯನ್ನೂ ಎತ್ತಿದರು. ತಿಂಗಳು ಹೇಳಿದರು. ಡಾಕ್ಟರು ಅಮ್ಮನ ಕಡೆ ತಿರುಗಿ, "ಇವರ ಹೆಸರು?" ಎಂದರು. ಅಮ್ಮ ಸೆರಗಿನ ತುದಿ ನೋಡುತ್ತ ಕೂತಿದ್ದಳು.

ಅಪ್ಪಯ್ಯ ಹೇಳಿದರು. ಇಡೀ ಹೆಸರು, ಸ್ಪಷ್ಟವಾಗಿ, ಅಮ್ಮನನ್ನೇ ನೋಡಿಕೊಂಡು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು.

ಬಸ್ಸಿನಲ್ಲಿ ತೆಕ್ಕಟ್ಟೆ ದಾಟುವವರೆಗೂ ಅಮ್ಮ ಅಪ್ಪಯ್ಯನಿಗೆ ಬೈಯುತ್ತಲೇ ಇದ್ದಳು. "ಅಷ್ಟ್ ಜನ್ರ್ ಎದ್ರ್ ಹೆಸ್ರ್ ಹೇಳುದಾ? ನಾಚ್ಕಿ ಇಲ್ಯಾ ನಿಮ್ಗೆ?" ಅಪ್ಪಯ್ಯ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೋಟ ಬಂದು ನಾವು ಇಳಿಯಲು ಎದ್ದಾಗ ಅಮ್ಮ ಅವರ ಬಲಗೈ ಹಿಡಿದುಕೊಂಡು, ದನಿ ತಗ್ಗಿಸಿ, "ಇನ್ನೊಂದ್ ಸಲ ಹೇಳಿ, ಕಾಂಬ" ಎಂದಳು.